ತರಕಾರಿ ತಿಂದ್ರೆ ಡಿಎನ್‌ಎ ರಿಪೇರಿ ಆಗ್ತದಾ? ವಿರಾಜಪೇಟೆ ಕಡೆಯ ಓದುಗರಿಗೆ ಉತ್ತರ

ಪ್ರಶ್ನೆ: ಮೇಡಂ, ನನಗೆ 38 ವರ್ಷ. ವಿರಾಜಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅವ್ವ 46ನೇ ವಯಸ್ಸಿಗೆ ಸ್ತನ ಕ್ಯಾನ್ಸರ್‌ನಲ್ಲಿ ಹೋದ್ರು. ಈಗ ಅವ್ವನ ತಂಗಿ, ನನ್ನ ಚಿಕ್ಕಮ್ಮನಿಗೆ ಅಂಡಾಶಯದ ಕ್ಯಾನ್ಸರ್, ಕೀಮೋ ನಡೀತಾ ಇದೆ. ಬ್ರೊಕೊಲಿಯಲ್ಲಿರೋ ಸಲ್ಫೊರಫೇನ್ ಡಿಎನ್‌ಎ ರಿಪೇರಿ ಮಾಡ್ತದೆ, ಕ್ಯಾನ್ಸರ್ ಹತ್ತಿರ ಬರೋದಿಲ್ಲ ಅಂತ ಫ್ಯಾಮಿಲಿ ಗ್ರೂಪಲ್ಲಿ ದಿನಾ ಮೆಸೇಜ್. ಬೆಂಗಳೂರಿಂದ ತಮ್ಮ ಅದರ ಕ್ಯಾಪ್ಸೂಲ್ ಕಳಿಸಿದ್ದಾನೆ, ಚಿಕ್ಕಮ್ಮನಿಗೂ ಕೊಡು ಅಂತಾನೆ. ಇಲ್ಲೊಬ್ಬರು ಮದ್ದುಸೊಪ್ಪಿನ ರಸ ಬಾಟಲಿಗೆ ತುಂಬಿಸಿ ಮಾರ್ತಾರೆ, ವರ್ಷ ಪೂರ್ತಿ ಕುಡೀರಿ ಅಂತಾರೆ. ಪಂದಿಕರಿ, ಕಾಫಿ ಎರಡೂ ಬಿಡಬೇಕಂತೆ. ನಾನು ಥೈರಾಯ್ಡ್ ಮಾತ್ರೆ ತಗೊಳ್ತೀನಿ, ಕೋಸು ಮುಟ್ಟಲೇಬಾರದು ಅಂತ ಇನ್ನೊಬ್ಬರು. 14 ವರ್ಷದ ಮಗಳಿದ್ದಾಳೆ. ಏನು ತಿಂದ್ರೆ ನಮಗೆ ಇದು ಬರೋದಿಲ್ಲ, ದಯವಿಟ್ಟು ಸ್ಪಷ್ಟವಾಗಿ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಸೇರ್ಕೊಂಡಿದೆ. ಒಂದು, ತರಕಾರಿಯಲ್ಲಿರೋ ಅಂಶಗಳು ನಿಜವಾಗ್ಲೂ ಡಿಎನ್‌ಎ ಹಾಳಾಗೋದನ್ನ ತಡೀತಾವಾ ಅಂತ. ಇನ್ನೊಂದನ್ನ ನೀವು ಬಾಯಿಬಿಟ್ಟು ಕೇಳಿಲ್ಲ, ಆದ್ರೆ ಸಾಲು ಸಾಲಲ್ಲೂ ಕಾಣ್ತಾ ಇದೆ: ಅವ್ವನಿಗೆ, ಚಿಕ್ಕಮ್ಮನಿಗೆ ಬಂದದ್ದು ನನಗೂ ಬರ್ತದಾ, ಮಗಳಿಗೂ ಬರ್ತದಾ. ಮೊದಲನೆಯದಕ್ಕೆ ಉತ್ತರ ಹೌದು, ಸ್ವಲ್ಪ ಮಟ್ಟಿಗೆ ತಡೀತಾವೆ. ಎರಡನೆಯದಕ್ಕೆ ಉತ್ತರ ತರಕಾರಿಯಲ್ಲಿ ಸಿಗೋದಿಲ್ಲ, ಅದಕ್ಕೆ ಬೇರೆ ದಾರಿ ಇದೆ, ಕೊನೆಯಲ್ಲಿ ವಿವರವಾಗಿ ಬರೀತೀನಿ, ದಯವಿಟ್ಟು ಅಲ್ಲಿವರೆಗೂ ಓದಿ.

ಮೊದಲು ಈ ಡಿಎನ್‌ಎ ಹಾಳಾಗೋ ವಿಷಯ. ಡಿಎನ್‌ಎ ಅಂದ್ರೆ ಕೋಶದ ಒಳಗೆ ಅಕ್ಷರ ಅಕ್ಷರವಾಗಿ ಬರೆದಿಟ್ಟ ಸೂಚನೆಯ ಪುಸ್ತಕ ಇದ್ದ ಹಾಗೆ. ಅದು ಹಾಳಾಗೋದು ಕ್ಯಾನ್ಸರ್ ಬರೋರಿಗೆ ಮಾತ್ರ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ನಾವು ಉಸಿರಾಡೋದು, ಊಟ ಅರಗೋದು, ಬಿಸಿಲಿಗೆ ಹೋಗೋದು, ಎಲ್ಲದರಿಂದಲೂ ಒಂದೊಂದು ಜೀವಕೋಶದಲ್ಲಿ ದಿನಕ್ಕೆ ಸಾವಿರಾರು ಕಡೆ ಡಿಎನ್‌ಎಗೆ ಪೆಟ್ಟು ಬೀಳ್ತಾನೇ ಇರ್ತದೆ, ಆರೋಗ್ಯವಾಗಿರೋ ಮಕ್ಕಳಲ್ಲೂ ಅಷ್ಟೇ. ಅದನ್ನ ಸರಿ ಮಾಡೋ ಕಿಣ್ವಗಳು ಕೋಶದ ಒಳಗೇ ಇದಾವೆ. ಆ ರಿಪೇರಿ ಹೇಗೆ ನಡೀತದೆ ಅಂತ ತೋರಿಸಿದ್ದಕ್ಕೇ ಥಾಮಸ್ ಲಿಂಡಾಲ್, ಪಾಲ್ ಮೋಡ್ರಿಚ್, ಅಜೀಜ್ ಸಂಜಾರ್ ಮೂವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಂದ್ರೆ ರಿಪೇರಿ ಮಾಡೋದು ನಿಮ್ಮ ಕೋಶವೇ, ಬ್ರೊಕೊಲಿ ಅಲ್ಲ. ಪೆಟ್ಟು ಜಾಸ್ತಿಯಾಗಿ ರಿಪೇರಿ ಸಾಲದೆ ಹೋದಾಗ, ಅಥವಾ ರಿಪೇರಿ ಮಾಡೋ ಜೀನೇ ಹುಟ್ಟಿನಿಂದ ಕೆಟ್ಟಿದ್ದಾಗ, ತಪ್ಪುಗಳು ವರ್ಷಗಟ್ಟಲೆ ಸೇರ್ತಾ ಸೇರ್ತಾ ಹೋಗಿ ಕ್ಯಾನ್ಸರ್ ಶುರುವಾಗ್ತದೆ.

ಹಾಗಾದ್ರೆ ತರಕಾರಿ ಏನು ಮಾಡ್ತದೆ? ಕೋಸಿನ ಜಾತಿ ತಗೊಳ್ಳಿ: ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ, ಮೂಲಂಗಿ, ಸಾಸಿವೆ ಎಲ್ಲಾ ಒಂದೇ ಕುಟುಂಬ. ಇವುಗಳಲ್ಲಿ ಗ್ಲುಕೋಸಿನೊಲೇಟ್ ಅನ್ನೋ ಗಂಧಕದ ಅಂಶ ಇದೆ, ಕೋಸು ಬೇಯುವಾಗ ಬರೋ ಆ ವಾಸನೆ ಗಂಧಕದ್ದೇ. ಗಿಡಕ್ಕೆ ಇದು ಹುಳದಿಂದ ಕಾಪಾಡ್ಕೊಳ್ಳೋ ಆಯುಧ. ಎಲೆಯನ್ನ ಹುಳ ಕಚ್ಚಿದಾಗ, ಅಥವಾ ನಾವು ಚಾಕು ಹಾಕಿದಾಗ, ಬೇರೆ ಕಡೆ ಇಟ್ಟಿದ್ದ ಮೈರೋಸಿನೇಸ್ ಅನ್ನೋ ಕಿಣ್ವ ಬಂದು ಇದಕ್ಕೆ ಸೇರಿ ಖಾರದ ರಾಸಾಯನಿಕ ಹುಟ್ತದೆ. ಬ್ರೊಕೊಲಿಯಲ್ಲಿ ಹೀಗೆ ಹುಟ್ಟೋದೇ ಸಲ್ಫೊರಫೇನ್, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಪಾಲ್ ಟಲಾಲೆ ಅವರ ತಂಡ 1992ರಲ್ಲಿ ಇದನ್ನ ಬೇರ್ಪಡಿಸಿ ತೋರಿಸ್ತು.

ಇದು ನಮ್ಮ ದೇಹಕ್ಕೂ ಒಂದು ಚಿಕ್ಕ ವಿಷವೇ, ಅದೇ ಇದರ ಗುಟ್ಟು. ತೋಟದ ಅಂಚಲ್ಲಿ ಆನೆ ಬಂದ ಸದ್ದಾದ್ರೆ ಕಾವಲಿನವನು ಪಟಾಕಿ ಹೊಡೀತಾನೆ, ಇಡೀ ಲೈನ್ ಮನೆಯವರು ಎದ್ದು ಟಾರ್ಚ್ ಹಿಡ್ಕೊಂಡು ಹೊರಗೆ ಬರ್ತಾರೆ. ಸಲ್ಫೊರಫೇನ್ ಆ ಪಟಾಕಿ. ಅದು ತಾನೇ ಆನೆ ಓಡಿಸೋದಿಲ್ಲ, ಕೋಶದಲ್ಲಿ ಮಲಗಿದ್ದ ಎನ್‌ಆರ್‌ಎಫ್2 ಅನ್ನೋ ಪ್ರೋಟೀನನ್ನ ಎಬ್ಬಿಸ್ತದೆ, ಅದು ಹೋಗಿ ವಿಷ ಕಳೆಯೋ ಕಿಣ್ವಗಳನ್ನ, ಅದೇ ಕೆಲಸಕ್ಕೆ ಬೇಕಾದ ಗ್ಲುಟಾಥಯೋನ್ ಅನ್ನೋ ಅಂಶವನ್ನ ಜಾಸ್ತಿ ಮಾಡಿಸ್ತದೆ. ಆಮೇಲೆ ಹೊಗೆ, ಸುಟ್ಟ ಮಾಂಸ, ಬೂಷ್ಟು ಇವುಗಳಿಂದ ಬಂದ ವಿಷ ಡಿಎನ್‌ಎಗೆ ಅಂಟೋಕೆ ಮುಂಚೆನೇ ಮೂತ್ರದಲ್ಲಿ ಹೊರಗೆ ಹೋಗೋ ಸಾಧ್ಯತೆ ಜಾಸ್ತಿ.

ಇದು ಬರೀ ಲ್ಯಾಬ್ ಮಾತಲ್ಲ. ಚೀನಾದ ಶಾಂಘೈ ಹತ್ತಿರ ಚಿಡಾಂಗ್ ಅನ್ನೋ ಜಾಗದಲ್ಲಿ, ಗಾಳಿ ಹಾಳಾಗಿರೋ ಕಡೆ, 291 ಜನರಿಗೆ 12 ವಾರ ಬ್ರೊಕೊಲಿ ಮೊಳಕೆಯ ಪಾನೀಯ ಕೊಟ್ಟು ನೋಡಿದ್ರು, ಕೆಟ್ಟ ಗಾಳಿಯಲ್ಲಿ ಬರೋ ಬೆಂಜೀನ್ ಅನ್ನೋ ವಿಷ ಮೂತ್ರದಲ್ಲಿ ಹೊರಹೋಗೋದು 61% ಜಾಸ್ತಿಯಾಯ್ತು, 2014ರಲ್ಲಿ ಇದು ಪ್ರಕಟವಾಯ್ತು. ಅದೇ ಊರಲ್ಲಿ ಅದಕ್ಕೂ ಮುಂಚೆ, ಕಡಲೆಕಾಯಿ ಜೋಳದ ಬೂಷ್ಟಿನಲ್ಲಿ ಬರೋ ಅಫ್ಲಾಟಾಕ್ಸಿನ್ ವಿಷದ ಮೇಲೆ ಕ್ಲೋರೋಫಿಲಿನ್, ಅಂದ್ರೆ ಎಲೆ ಹಸಿರಿನಿಂದ ಮಾಡಿದ ಪದಾರ್ಥ, 4 ತಿಂಗಳು ಕೊಟ್ಟು ನೋಡಿದಾಗ ಡಿಎನ್‌ಎಗೆ ಅಂಟಿದ ವಿಷದ ಗುರುತು 55% ಕಡಿಮೆಯಾಗಿತ್ತು. ಬ್ರಿಟನ್‌ನಲ್ಲಿ 60 ಜನ 8 ವಾರ ದಿನಾ 85 ಗ್ರಾಂ ವಾಟರ್‌ಕ್ರೆಸ್ ಸೊಪ್ಪು ತಿಂದ್ರು, ಅದೂ ಸಾಸಿವೆ ಕುಟುಂಬದ್ದೇ, ರಕ್ತದ ಬಿಳಿಕಣಗಳಲ್ಲಿ ಡಿಎನ್‌ಎ ತುಂಡಾಗಿರೋದು 17% ಇಳೀತು. ನಾನು ಈ ವಿಷಯ ನಂಬೋದು ಇಂಥ ಕೆಲಸಗಳನ್ನ ನೋಡಿ.

ಆದ್ರೆ ಒಂದು ಗೆರೆ ಇಲ್ಲಿ ಎಳೀಬೇಕು. ಇವೆಲ್ಲ ಅಳೆದದ್ದು ಡಿಎನ್‌ಎಯ ಪೆಟ್ಟನ್ನ, ವಿಷ ಹೊರಹೋಗೋದನ್ನ. ಕ್ಯಾನ್ಸರ್ ಬಂತಾ ಇಲ್ವಾ ಅಂತ ಅಳೆದದ್ದಲ್ಲ. "ಹತ್ತಿರ ಬರೋದಿಲ್ಲ" ಅನ್ನೋ ಮಾತು ಈ ಸಂಶೋಧನೆ ಮಾಡಿದವರು ಯಾರೂ ಆಡಿಲ್ಲ, ಅದು ಫಾರ್ವರ್ಡ್ ಮಾಡಿದವರು ಸೇರಿಸಿದ್ದು.

ಈಗ ಕ್ಯಾಪ್ಸೂಲ್. ತರಕಾರಿಯಲ್ಲಿ ಒಳ್ಳೇದು ಅಂತ ಕಂಡ ಅಂಶವನ್ನ ಹಿಂಡಿ ಮಾತ್ರೆ ಮಾಡಿದ್ರೆ ಇನ್ನೂ ಒಳ್ಳೇದಲ್ವಾ ಅಂತ ಎಲ್ಲರಿಗೂ ಅನಿಸ್ತದೆ, ವಿಜ್ಞಾನಿಗಳಿಗೂ ಹಾಗೇ ಅನಿಸಿತ್ತು. ಕ್ಯಾರೆಟ್, ಕುಂಬಳಕಾಯಿಯ ಬೀಟಾ ಕೆರೋಟಿನ್ ತಗೊಂಡು ಫಿನ್ಲೆಂಡ್‌ನಲ್ಲಿ 29,133 ಸಿಗರೇಟ್ ಸೇದೋ ಗಂಡಸರ ಮೇಲೆ ದೊಡ್ಡ ಟ್ರಯಲ್ ಮಾಡಿದ್ರು. 1994ರಲ್ಲಿ ಫಲಿತಾಂಶ ಬಂತು: ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ! ಅಮೆರಿಕದಲ್ಲಿ ಅದೇ ಥರದ ಇನ್ನೊಂದು ಟ್ರಯಲ್‌ನಲ್ಲಿ 28% ಜಾಸ್ತಿಯಾಗಿ 1996ರಲ್ಲಿ ಮಧ್ಯದಲ್ಲೇ ನಿಲ್ಲಿಸಬೇಕಾಯ್ತು. ವಿಟಮಿನ್ ಇ ಮಾತ್ರೆಯಿಂದ ಪ್ರಾಸ್ಟೇಟ್ ಕ್ಯಾನ್ಸರ್ 17% ಜಾಸ್ತಿಯಾದದ್ದು 2011ರಲ್ಲಿ ಗೊತ್ತಾಯ್ತು. ಕ್ಯಾರೆಟ್ ತಿಂದು ಯಾರಿಗೂ ಹಾಗೆ ಆಗಿಲ್ಲ. ಊಟದಲ್ಲಿ ನೂರಾರು ಅಂಶಗಳು ಸ್ವಲ್ಪ ಸ್ವಲ್ಪ ಒಟ್ಟಿಗೆ ಬರ್ತವೆ, ಮಾತ್ರೆಯಲ್ಲಿ ಒಂದೇ ಅಂಶ ದೊಡ್ಡ ಪ್ರಮಾಣದಲ್ಲಿ ಬರ್ತದೆ, ದೇಹಕ್ಕೆ ಇವೆರಡೂ ಒಂದೇ ಅಲ್ಲ.

ಅರಿಶಿನದ ಕಥೆನೂ ಇದೇ. ಕರ್ಕುಮಿನ್ ರಕ್ತಕ್ಕೆ ಸೇರೋದೇ ಕಷ್ಟ, ಕರಿಮೆಣಸಿನ ಪೈಪರಿನ್ ಜೊತೆ ಕೊಟ್ರೆ 20 ಪಟ್ಟು ಸೇರ್ತದೆ ಅಂತ ಬೆಂಗಳೂರಿನ ಸೇಂಟ್ ಜಾನ್ಸ್‌ನವರು 1998ರಲ್ಲೇ ತೋರಿಸಿದ್ರು. ಸಾರಿಗೆ ಅರಿಶಿನ, ನಮ್ಮ ತೋಟದ ಮೆಣಸು ಹಾಕೋದರಲ್ಲಿ ಏನೂ ತೊಂದ್ರೆ ಇಲ್ಲ. ಆದ್ರೆ ಎರಡನ್ನೂ ಸೇರಿಸಿದ ಸ್ಟ್ರಾಂಗ್ ಮಾತ್ರೆ ನುಂಗಿ ಲಿವರ್‌ಗೆ ಪೆಟ್ಟು ಮಾಡ್ಕೊಂಡವರ ವರದಿಗಳು ಇಟಲಿ, ಅಮೆರಿಕ ಎರಡೂ ಕಡೆಯಿಂದ ಬಂದಿವೆ.

ಚಿಕ್ಕಮ್ಮನಿಗೆ ಮಾತ್ರ ಆ ಕ್ಯಾಪ್ಸೂಲ್ ದಯವಿಟ್ಟು ಕೊಡಬೇಡಿ. ಇದನ್ನ ನಾನು ಗಟ್ಟಿಯಾಗಿ ಹೇಳ್ತೀನಿ. ಅಂಡಾಶಯದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಕೊಡೋದು ಕಾರ್ಬೋಪ್ಲಾಟಿನ್ ಥರದ ಔಷಧ, ಅದು ಕೆಲಸ ಮಾಡೋದೇ ಕ್ಯಾನ್ಸರ್ ಕೋಶದ ಡಿಎನ್‌ಎಗೆ ಅಂಟಿ ಅದನ್ನ ಹಾಳು ಮಾಡಿ. ಒಂದು ಕಡೆ ಡಾಕ್ಟರು ಬೇಕಂತಲೇ ಡಿಎನ್‌ಎ ಹಾಳು ಮಾಡ್ತಾ ಇರೋವಾಗ ಇನ್ನೊಂದು ಕಡೆ ನಾವು "ಡಿಎನ್‌ಎ ಕಾಪಾಡೋ" ಮಾತ್ರೆ ಕೊಟ್ರೆ ಯಾವ ಕೋಶವನ್ನ ಕಾಪಾಡಿದ ಹಾಗಾಯ್ತು? ಮೇಲೆ ಹೇಳಿದ ಎನ್‌ಆರ್‌ಎಫ್2 ಜಾಸ್ತಿ ಇರೋ ಗಡ್ಡೆಗಳು ಔಷಧಕ್ಕೆ ಬಗ್ಗೋದು ಕಷ್ಟ ಅಂತಾನೂ ಗೊತ್ತಿದೆ. ನಾನು ಕ್ಯಾನ್ಸರ್ ರೋಗಿಗಳ ಊಟ ನೋಡ್ಕೊಳ್ಳೋ ಕೆಲಸದಲ್ಲಿ ಇಷ್ಟು ವರ್ಷದಿಂದ ನೋಡಿದ್ದು, ಮನೆಯವರು ಪ್ರೀತಿಯಿಂದಲೇ ತಂದುಕೊಡ್ತಾರೆ, ಡಾಕ್ಟರ ಹತ್ತಿರ ಹೇಳೋದಿಲ್ಲ, ಬೈತಾರೆ ಅಂತ ಭಯ. ಬಾಟಲಿ ತಗೊಂಡು ಹೋಗಿ ತೋರಿಸಿ. ಕೀಮೋ ನಡೀವಾಗ ಚಿಕ್ಕಮ್ಮನಿಗೆ ಬೇಕಾದದ್ದು ಮೊಟ್ಟೆ, ಬೇಳೆ, ಮೀನು, ಚೆನ್ನಾಗಿ ಬೇಯಿಸಿದ ತರಕಾರಿ, ತೂಕ ಇಳೀದೆ ಇರೋದು. ಬೇಯಿಸಿದ ಕೋಸು, ಸೊಪ್ಪು ಊಟದಷ್ಟು ತಿನ್ನಲಿ, ಅದಕ್ಕೆ ಅಡ್ಡಿ ಇಲ್ಲ.

ಮದ್ದುಸೊಪ್ಪಿಗೆ ಬರ್ತೀನಿ. ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ತಿನ್ನೋದು ನಮ್ಮ ಕೊಡಗಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ, 18 ಥರದ ಔಷಧ ಅದರಲ್ಲಿ ಸೇರಿರ್ತದೆ ಅನ್ನೋ ನಂಬಿಕೆ, ಆಗಸ್ಟ್ 3ರ ಸುಮಾರಿಗೆ ಮನೆ ಮನೆಯಲ್ಲೂ ಆ ನೇರಳೆ ಬಣ್ಣ, ಆ ಪರಿಮಳ. ಆ ಸಂಪ್ರದಾಯ ನನಗೂ ತುಂಬಾ ಇಷ್ಟ, ಬಿಡಬೇಡಿ. ಲ್ಯಾಬಿನಲ್ಲಿ ಆ ಎಲೆಯ ರಸಕ್ಕೆ ಆಂಟಿಆಕ್ಸಿಡೆಂಟ್ ಗುಣ ಕಂಡಿರೋದೂ ನಿಜ. ಆದ್ರೆ ಟೆಸ್ಟ್ ಟ್ಯೂಬಿನಲ್ಲಿ ಅರಿಶಿನ, ಚಹಾ, ಕಾಫಿ, ನೇರಳೆಹಣ್ಣು ಎಲ್ಲದಕ್ಕೂ ಆ ಗುಣ ಕಾಣ್ತದೆ, ಅಲ್ಲಿಂದ ಮನುಷ್ಯರ ಡಿಎನ್‌ಎವರೆಗೆ ತುಂಬಾ ದೂರ. ಮೂತ್ರ ಕೆಂಪಾಗೋದನ್ನ ತೋರಿಸಿ "ನೋಡಿ ವಿಷ ಹೊರಗೆ ಬಂತು" ಅಂತ ಮಾರೋರು ಹೇಳ್ತಾರೆ, ಅದು ಎಲೆಯ ಬಣ್ಣ ಹೊರಗೆ ಬಂದದ್ದು, ಬೀಟ್‌ರೂಟ್ ತಿಂದಾಗಲೂ ಕೆಲವರಿಗೆ ಹಾಗೆ ಆಗ್ತದೆ. ನಮ್ಮ ಹಿರಿಯರು ತಿಂದದ್ದು ವರ್ಷದಲ್ಲಿ ಆ ಒಂದೆರಡು ದಿನ, ಅಕ್ಕಿ ಬೆಲ್ಲ ಕಾಯಿಹಾಲಿನ ಜೊತೆ. ಗಟ್ಟಿ ರಸ ಮಾಡಿ 365 ದಿನ ಕುಡಿಯೋದು ಸಂಪ್ರದಾಯ ಅಲ್ಲ, ಅದು ಹೊಸ ವ್ಯಾಪಾರ. ಬೇಡ.

ಸೊಪ್ಪು, ಬೇರು ಅಂದ ಮಾತ್ರಕ್ಕೆ ಡಿಎನ್‌ಎಗೆ ಒಳ್ಳೇದೇ ಅಂತ ಇಲ್ಲ, ಇದನ್ನ ಕಾಡಿನ ಅಂಚಲ್ಲಿರೋ ನಾವು ಬೇರೆಯವರಿಗಿಂತ ಜಾಸ್ತಿ ನೆನಪಿಟ್ಕೋಬೇಕು. ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ಅಂತ ಕೆಲವರು ಕೊಡೋ ಈಶ್ವರಿ ಬಳ್ಳಿಯ ಜಾತಿಯಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಇದೆ. ಅದು ನೇರವಾಗಿ ಡಿಎನ್‌ಎಗೆ ಅಂಟ್ತದೆ, ಕಿಡ್ನಿ ಹೋಗ್ತದೆ, ಮೂತ್ರನಾಳದ ಕ್ಯಾನ್ಸರ್ ಬರ್ತದೆ. ಬೆಲ್ಜಿಯಂನಲ್ಲಿ ತೂಕ ಇಳಿಸೋ ಪುಡಿಯಲ್ಲಿ ಈ ಜಾತಿಯ ಬೇರು ಸೇರಿ ಎಷ್ಟೋ ಹೆಂಗಸರ ಕಿಡ್ನಿ ಹಾಳಾದದ್ದು 1993ರಲ್ಲಿ ಬೆಳಕಿಗೆ ಬಂತು. ಮಳೆಗಾಲದ ತೆರ್ಮೆ ಸೊಪ್ಪು, ಅಂದ್ರೆ ಜರಿಗಿಡದ ಎಳೆ ಚಿಗುರು, ಅದನ್ನೂ ಗೊತ್ತಿದ್ದವರೇ ಕೊಯ್ಯಲಿ, ತೋಡಿನ ಬದಿ ತೇವದಲ್ಲಿ ಬರೋದು ಬೇರೆ, ಬೋಳು ಗುಡ್ಡದಲ್ಲಿ ಬರೋ ಬ್ರಾಕನ್ ಅನ್ನೋ ಜರಿಗಿಡ ಬೇರೆ. ಬ್ರಾಕನ್‌ನಲ್ಲಿರೋ ಟಾಕ್ವಿಲೋಸೈಡ್ ಡಿಎನ್‌ಎ ಕೆಡಿಸ್ತದೆ, ಅದನ್ನ ಮೇಯ್ದ ದನಗಳಿಗೆ ಮೂತ್ರದಲ್ಲಿ ರಕ್ತ ಬಂದು ಮೂತ್ರಕೋಶದ ಕ್ಯಾನ್ಸರ್ ಆಗೋದು ಪಶುವೈದ್ಯರಿಗೆಲ್ಲ ಗೊತ್ತು.

ಹಾಗಾದ್ರೆ ಮನೆಯಲ್ಲಿ ಏನು ಮಾಡೋದು. ಬ್ರೊಕೊಲಿಗೆ ಅಂತ ದುಡ್ಡು ಸುರಿಯೋ ಅಗತ್ಯವೇ ಇಲ್ಲ. ಮಡಿಕೇರಿ ಶುಕ್ರವಾರದ ಸಂತೆಯಲ್ಲಾಗ್ಲಿ ನಿಮ್ಮ ಪಕ್ಕದ ಅಂಗಡಿಯಲ್ಲಾಗ್ಲಿ ಸಿಗೋ ಎಲೆಕೋಸು, ನವಿಲುಕೋಸು, ಮೂಲಂಗಿ ಸಾಕು. ಬೇಯಿಸೋ ರೀತಿಯಲ್ಲೇ ಇರೋದು ವಿಷಯ. ಕೋಸು ಹೆಚ್ಚಿ ಅರ್ಧ ಮುಕ್ಕಾಲು ಗಂಟೆ ಹಾಗೇ ಬಿಡಿ, ಅಷ್ಟರಲ್ಲಿ ಮೇಲೆ ಹೇಳಿದ ಮೈರೋಸಿನೇಸ್ ಕಿಣ್ವ ತನ್ನ ಕೆಲಸ ಮುಗಿಸ್ತದೆ, ಆಮೇಲೆ ಒಲೆಗೆ ಹಾಕಿ. ಬೆಳಿಗ್ಗೆ ತರಕಾರಿ ಹೆಚ್ಚಿಟ್ಟು ಆಮೇಲೆ ರೊಟ್ಟಿಗೆ ಹಿಟ್ಟು ಕಲೆಸಿದ್ರೆ ಆಯ್ತು, ಬೇರೆ ಟೈಮ್ ಬೇಕಿಲ್ಲ. ನೀರು ತುಂಬಾ ಹಾಕಿ ಬೇಯಿಸಿ ಆ ನೀರು ಚೆಲ್ಲಬೇಡಿ. ಅರ್ಧ ಗಂಟೆ ಕುದಿಸಿದ್ರೆ ಎಲೆಕೋಸಿನ ಗ್ಲುಕೋಸಿನೊಲೇಟ್ 65%, ಹೂಕೋಸಿನದು 75% ಹೋಗ್ತದೆ ಅಂತ ಅಳೆದು ನೋಡಿದ್ದಾರೆ, ಹಬೆಯಲ್ಲಿ ಬೇಯಿಸಿದ್ರೆ, ಬಾಣಲೆಯಲ್ಲಿ ಬೇಗ ಹುರಿದು ಪಲ್ಯ ಮಾಡಿದ್ರೆ ಅಷ್ಟು ಹೋಗೋದಿಲ್ಲ. ಇನ್ನೊಂದು, ಬೆಂದ ಬ್ರೊಕೊಲಿಗೆ ಹಸಿ ಸಾಸಿವೆ ಪುಡಿ ಉದುರಿಸಿದ್ರೆ ಸಾಸಿವೆಯ ಕಿಣ್ವದಿಂದ ಸಲ್ಫೊರಫೇನ್ ಸಿಗೋದು 4 ಪಟ್ಟು ಜಾಸ್ತಿಯಾಗ್ತದೆ. ಒಗ್ಗರಣೆಯಲ್ಲಿ ಚಟಪಟ ಅಂದ ಸಾಸಿವೆಯಲ್ಲಿ ಆ ಕಿಣ್ವ ಸತ್ತಿರ್ತದೆ, ಆದ್ರೆ ಕಾಯಿ, ಮೊಸರಿನ ಜೊತೆ ಹಸಿ ಸಾಸಿವೆ ಅರೆದು ಹಾಕೋ ಸಾಸಿವೆ ಮಾಡ್ತೀವಲ್ಲ, ಅದರಲ್ಲಿ ಜೀವಂತ ಇರ್ತದೆ. ವಾರದಲ್ಲಿ ಮೂರು ನಾಲ್ಕು ದಿನ ಕೋಸಿನ ಜಾತಿ ಒಂದೊಂದು ಬಟ್ಟಲು ಊಟದಲ್ಲಿದ್ರೆ ಅದು ಒಳ್ಳೇ ಪ್ರಮಾಣ. ಹೊರಗಿನ ಎರಡು ಎಲೆ ತೆಗೆದು, ಹರಿಯೋ ನೀರಲ್ಲಿ ತೊಳೀರಿ.

ಸೊಪ್ಪು, ಬೇಳೆ ಬಗ್ಗೆ ಯಾರೂ ಫಾರ್ವರ್ಡ್ ಮಾಡೋದಿಲ್ಲ, ಆದ್ರೆ ನನ್ನ ಕೇಳಿದ್ರೆ ಡಿಎನ್‌ಎಗೆ ಬ್ರೊಕೊಲಿಗಿಂತ ಮುಂಚೆ ನೋಡಬೇಕಾದದ್ದು ಇವುಗಳಲ್ಲಿರೋ ಫೋಲೇಟ್ ಅನ್ನೋ ಬಿ ವಿಟಮಿನ್. ಅದು ಕಡಿಮೆಯಾದ್ರೆ ಡಿಎನ್‌ಎ ಕಟ್ಟುವಾಗ ಇರಬೇಕಾದ ಅಕ್ಷರದ ಜಾಗದಲ್ಲಿ ಯುರಾಸಿಲ್ ಅನ್ನೋ ತಪ್ಪು ಅಕ್ಷರ ಸೇರ್ಕೊಳ್ತದೆ, ಅದನ್ನ ಕಿತ್ತು ತೆಗೆಯೋಕೆ ಹೋಗಿ ಡಿಎನ್‌ಎ ಸುತ್ತಿಟ್ಟಿರೋ ಕ್ರೋಮೋಸೋಮೇ ತುಂಡಾಗ್ತದೆ. ಹರಿವೆ, ಪಾಲಕ್, ಅಲಸಂದೆ, ಹೆಸರುಕಾಳು, ತೊಗರಿಬೇಳೆ ದಿನಾ ಏನಾದ್ರೂ ಒಂದು ಇರಲಿ.

ಥೈರಾಯ್ಡ್ ಇದ್ರೂ ಬೇಯಿಸಿದ ಕೋಸು ಧೈರ್ಯವಾಗಿ ತಿನ್ನಿ, ಅಯೋಡಿನ್ ಉಪ್ಪು ಬಳಸ್ತಾ ಇದ್ರೆ ಊಟದ ಪ್ರಮಾಣದಲ್ಲಿ ತೊಂದ್ರೆ ಇಲ್ಲ. ಕೋಸಿನ ಜಾತಿಯಿಂದ ಥೈರಾಯ್ಡ್ ಕೈಕೊಟ್ಟ ಪ್ರಸಿದ್ಧ ಕೇಸ್ ಅಂದ್ರೆ, 88 ವರ್ಷದ ಒಬ್ಬ ಅಜ್ಜಿ ತಿಂಗಳುಗಟ್ಟಲೆ ದಿನಾ ಒಂದು ಕಿಲೋಗಿಂತ ಜಾಸ್ತಿ ಬಾಕ್‌ಚಾಯ್ ಅನ್ನೋ ಚೀನಾ ಕೋಸನ್ನ ಹಸಿಯಾಗಿ ತಿಂದದ್ದು. ಮಾತ್ರೆ ಮಾತ್ರ ಖಾಲಿ ಹೊಟ್ಟೆಗೆ ನೀರಲ್ಲಿ ತಗೊಳ್ಳಿ, ಕಾಫಿಗೆ ಒಂದು ಗಂಟೆ ಬಿಡಿ.

ಕಾಫಿ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಕಾಫಿಯನ್ನ ಅನುಮಾನದ ಪಟ್ಟಿಯಿಂದ ತೆಗೀತು, 65 ಡಿಗ್ರಿಗಿಂತ ಬಿಸಿ ಪಾನೀಯ ಅನ್ನನಾಳಕ್ಕೆ ಒಳ್ಳೇದಲ್ಲ ಅಂತ ಅಷ್ಟೇ ಹೇಳ್ತು. ಪಂದಿಕರಿನೂ ಪೂರ್ತಿ ಬಿಡೋದು ಬೇಡ, ಆದ್ರೆ ಹಂದಿ ಕೆಂಪು ಮಾಂಸದ ಲೆಕ್ಕಕ್ಕೇ ಬರ್ತದೆ, ಎಲ್ಲಾ ಕೆಂಪು ಮಾಂಸ ಸೇರಿ ವಾರಕ್ಕೆ ಬೇಯಿಸಿದ ಮೇಲೆ ಅರ್ಧ ಕಿಲೋ ದಾಟಬಾರದು. ಕಾಚಂಪುಳಿ ಹಾಕಿ ನಿಧಾನಕ್ಕೆ ಬೇಯಿಸಿದ ಕರಿಗಿಂತ ಕೆಂಡದ ಮೇಲೆ ಕರಕಲಾಗಿಸಿದ್ದು, ಹೊಗೆಗೆ ಕಟ್ಟಿ ಒಣಗಿಸಿದ್ದು, ಸಾಸೇಜ್, ಬೇಕನ್ ಇವು ಡಿಎನ್‌ಎಗೆ ಜಾಸ್ತಿ ಕೆಟ್ಟದ್ದು, ಅವನ್ನ ಅಪರೂಪಕ್ಕೆ ಇಟ್ಕೊಳ್ಳಿ.

ನೀವು ಕೇಳದೇ ಇರೋದನ್ನ ನಾನು ಹೇಳಲೇಬೇಕು: ಡ್ರಿಂಕ್ಸ್. ಮದುವೆ, ನಾಮಕರಣ, ಹಬ್ಬ ಅಂತ ನಮ್ಮಲ್ಲಿ ಹೆಂಗಸರೂ ಒಂದು ಪೆಗ್, ಒಂದು ಗ್ಲಾಸ್ ವೈನ್ ತಗೊಳ್ಳೋದು ದೊಡ್ಡ ವಿಷಯ ಅಲ್ಲ ಅಂತ ಇದೆ. ಆಲ್ಕೋಹಾಲ್ ದೇಹದಲ್ಲಿ ಅಸಿಟಾಲ್ಡಿಹೈಡ್ ಆಗ್ತದೆ, ಅದು ಡಿಎನ್‌ಎಗೆ ನೇರ ಪೆಟ್ಟು, ಜೊತೆಗೆ ಫೋಲೇಟನ್ನೂ ಕಳೀತದೆ. ದಿನಕ್ಕೆ 10 ಗ್ರಾಂ, ಅಂದ್ರೆ ಒಂದು ಸಣ್ಣ ಪೆಗ್, ಸ್ತನ ಕ್ಯಾನ್ಸರ್ ಅಪಾಯವನ್ನ ಸುಮಾರು 7% ಏರಿಸ್ತದೆ. ಮನೆಯವರು ಮನೆ ಒಳಗೆ ಸಿಗರೇಟ್ ಸೇದೋದು, ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ, ಬರೀ ಅಡಿಕೆ ಆದ್ರೂ ಸರಿ, ಇವೂ ಡಿಎನ್‌ಎಗೆ ಪೆಟ್ಟು ಕೊಡೋ ಪಟ್ಟಿಯಲ್ಲೇ ಇವೆ. ತೋಟಕ್ಕೆ ಔಷಧ ಹೊಡೆಯುವಾಗ ಗ್ಲೌಸ್, ಮಾಸ್ಕ್ ಹಾಕ್ಕೊಳ್ಳಿ, ಗಾಳಿಗೆ ಎದುರಾಗಿ ಹೊಡೀಬೇಡಿ, ಆ ಬಟ್ಟೆಯನ್ನ ಮಕ್ಕಳ ಬಟ್ಟೆ ಜೊತೆ ಒಗೀಬೇಡಿ. ಬರೋ ಪೆಟ್ಟನ್ನ ಕಡಿಮೆ ಮಾಡೋದು ಯಾವ ತರಕಾರಿಗಿಂತಲೂ ದೊಡ್ಡ ಕೆಲಸ.

ಈಗ ನಾನು ಮೊದಲೇ ಹೇಳಿದ ಎರಡನೇ ಪ್ರಶ್ನೆ. 50 ವರ್ಷದೊಳಗೆ ಸ್ತನ ಕ್ಯಾನ್ಸರ್ ಬಂದ ಅವ್ವ, ಅವರ ಒಡಹುಟ್ಟಿದ ತಂಗಿಗೆ ಅಂಡಾಶಯದ ಕ್ಯಾನ್ಸರ್, ಇದನ್ನ ನೋಡಿದ ಕೂಡಲೇ ನಮ್ಮ ಫೀಲ್ಡಿನಲ್ಲಿ ಯಾರಿಗಾದ್ರೂ ನೆನಪಾಗೋದು ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳು. ಇವೇ ಡಿಎನ್‌ಎ ರಿಪೇರಿ ಮಾಡೋ ಜೀನ್‌ಗಳು. ಕೋಸಿನಲ್ಲಿರೋ ಇಂಡೋಲ್ ಅಂಶ ಈ ಬಿಆರ್‌ಸಿಎ ಪ್ರೋಟೀನನ್ನ ಜಾಸ್ತಿ ಮಾಡ್ತದೆ ಅಂತ 2006ರಲ್ಲಿ ಲ್ಯಾಬಿನ ಕೋಶಗಳಲ್ಲಿ ಕಂಡಿತ್ತು, "ಡಿಎನ್‌ಎ ರಿಪೇರಿ ಮಾಡೋ ತರಕಾರಿ" ಮೆಸೇಜ್‌ಗಳಲ್ಲಿ ಇದೇ ಮಾತು ತಿರುಗ್ತಾ ಇರ್ತದೆ. ಆದ್ರೆ ಹುಟ್ಟಿನಿಂದ ಕೆಟ್ಟ ಜೀನನ್ನ ಕೋಸು ಸರಿ ಮಾಡಲಾರದು. ಅಂಥ ದೋಷ ಅವ್ವನಿಗೆ ಇದ್ದಿದ್ರೆ ನಿಮಗೆ ಬಂದಿರೋ ಸಾಧ್ಯತೆ 50%, ಬಾರದೇ ಇರೋ ಸಾಧ್ಯತೆನೂ 50%. ದೋಷ ಇರೋ ಹೆಂಗಸರಲ್ಲಿ 60%ಗಿಂತ ಜಾಸ್ತಿ ಜನರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರ್ತದೆ, ಅದಕ್ಕೇ ಇದನ್ನ ಊಹೆಗೆ ಬಿಡಬಾರದು.

ಟೆಸ್ಟ್ ಮೊದಲು ಆಗಬೇಕಾದದ್ದು ನಿಮಗಲ್ಲ, ಚಿಕ್ಕಮ್ಮನಿಗೆ. ರೋಗ ಬಂದವರಲ್ಲಿ ದೋಷ ಸಿಕ್ಕಿದ್ರೆ ಅದೇ ದೋಷ ನಿಮ್ಮಲ್ಲಿದೆಯಾ ಅಂತ ಹುಡುಕೋದು ಸುಲಭ, ಖರ್ಚೂ ಕಡಿಮೆ, ಉತ್ತರನೂ ಸ್ಪಷ್ಟ. ಚಿಕ್ಕಮ್ಮನಿಗೂ ಅದರಿಂದ ಲಾಭ, ಬಿಆರ್‌ಸಿಎ ದೋಷ ಇದ್ರೆ ಒಲಾಪರಿಬ್ ಥರದ ಮಾತ್ರೆ ಅವರಿಗೆ ಕೆಲಸ ಮಾಡೋ ಸಾಧ್ಯತೆ ಜಾಸ್ತಿ. ಅವರ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ, ಇಲ್ಲಾಂದ್ರೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಬಗ್ಗೆ ವಿಚಾರಿಸಿ. ಚಿಕ್ಕಮ್ಮನಲ್ಲಿ ಸಿಕ್ಕಿದ ದೋಷ ನಿಮಗೆ ಇಲ್ಲ ಅಂತ ಬಂದ್ರೆ ಈ ಭಯದ ದೊಡ್ಡ ಭಾಗ ಅಲ್ಲಿಗೆ ಇಳೀತದೆ. ಇದೆ ಅಂತ ಬಂದ್ರೆ ವರ್ಷಕ್ಕೊಮ್ಮೆ ಎಂಆರ್‌ಐ, ಮ್ಯಾಮೊಗ್ರಾಂ ಮಾಡಿಸ್ತಾ ನಿಗಾ ಇಡೋದು ಒಂದು ದಾರಿ, ಅದು ರೋಗ ತಡೆಯೋದಿಲ್ಲ, ಬೇಗ ಹಿಡೀತದೆ. ಅಂಡಾಶಯ ತೆಗೆಸೋದು ಇನ್ನೊಂದು, ಬಿಆರ್‌ಸಿಎ1 ಇದ್ರೆ 35ರಿಂದ 40ರೊಳಗೆ, ಬಿಆರ್‌ಸಿಎ2 ಇದ್ರೆ 40ರಿಂದ 45ರೊಳಗೆ ಅಂತ ಸಲಹೆ ಕೊಡ್ತಾರೆ, ಅದು ಅಪಾಯವನ್ನ ತುಂಬಾ ಇಳಿಸ್ತದೆ, ಆದ್ರೆ ಮುಟ್ಟು ಬೇಗ ನಿಲ್ತದೆ, ಮೂಳೆ, ಹೃದಯ, ನಿದ್ದೆ ಎಲ್ಲದರ ಮೇಲೂ ಪರಿಣಾಮ ಇದೆ. ಅವಸರದಲ್ಲಿ ತೀರ್ಮಾನ ಮಾಡೋ ವಿಷಯ ಅಲ್ಲ, ಆದ್ರೆ ನಿಮ್ಮ 38ಕ್ಕೆ ಮುಂದೂಡೋ ವಿಷಯನೂ ಅಲ್ಲ.

ಮಗಳಿಗೆ ಈಗ ಯಾವ ಟೆಸ್ಟೂ ಬೇಡ. 18 ಆದ ಮೇಲೆ ಅವಳೇ ತೀರ್ಮಾನ ಮಾಡ್ಲಿ. ಅವಳ ಎದುರು ಈ ಊಟ ತಿಂದ್ರೆ ಕ್ಯಾನ್ಸರ್ ಬರ್ತದೆ, ಇದು ತಿಂದ್ರೆ ಬರೋದಿಲ್ಲ ಅಂತ ಮಾತಾಡಬೇಡಿ, ಆ ವಯಸ್ಸಿನ ಮಕ್ಕಳು ಊಟಕ್ಕೇ ಹೆದರೋಕೆ ಶುರು ಮಾಡ್ತಾರೆ.

ಕೌನ್ಸೆಲಿಂಗ್‌ಗೆ ಹೋಗುವಾಗ ಅವ್ವನ ಹಳೇ ಬಯಾಪ್ಸಿ ರಿಪೋರ್ಟ್ ಹುಡುಕಿ ತಗೊಂಡು ಹೋಗಿ, ಚಿಕ್ಕಮ್ಮನ ರಿಪೋರ್ಟಿನ ಜೆರಾಕ್ಸ್ ಕೂಡ. ಅವ್ವನ ಕಡೆ, ಅಪ್ಪನ ಕಡೆ ಎರಡೂ ಮನೆತನದಲ್ಲಿ ಯಾರಿಗೆ ಯಾವ ವಯಸ್ಸಿಗೆ ಯಾವ ಕ್ಯಾನ್ಸರ್ ಬಂತು ಅಂತ ಒಂದು ಹಾಳೆಯಲ್ಲಿ ಬರೆದಿಟ್ಕೊಳ್ಳಿ, ಗಂಡಸರನ್ನೂ ಸೇರಿಸಿ, ಈ ದೋಷ ಅಪ್ಪನ ಕಡೆಯಿಂದಲೂ ಬರ್ತದೆ, ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಆಗಿಯೂ ಕಾಣಿಸ್ಕೊಳ್ತದೆ. ಕ್ಯಾಪ್ಸೂಲ್ ಕಳಿಸಿದ ತಮ್ಮನಿಗೂ ಈ ಮಾತು ಹೇಳಿ, ಅವನೂ ಅದೇ ಅವ್ವನ ಮಗ.